ನಲವತ್ತರ ನಂತರ ಮತ್ತೆ ಬೈಕ್: ಹಿಂದಿನ ಸೀಟಿನವರನ್ನೂ ಕೇಳಿ

ನಲವತ್ತು ದಾಟಿದ ಗಂಡಸರಲ್ಲಿ ಈಚೆಗೆ ಒಂದು ಆಸೆ ಹೆಚ್ಚಾಗಿ ಕಾಣುತ್ತಿದೆ. ಮದುವೆ, ಮಕ್ಕಳು, ಮನೆ ಕಟ್ಟುವ ಗದ್ದಲದಲ್ಲಿ ಬೈಕ್ ಮಾರಿ ಹತ್ತು ಹದಿನೈದು ವರ್ಷ ಬಸ್ಸಿನಲ್ಲೋ ಯಾರದೋ ಕಾರಿನಲ್ಲೋ ಓಡಾಡಿದವರು ಮತ್ತೆ ಬೈಕ್ ಕೊಳ್ಳಲು ಹೊರಡುತ್ತಾರೆ. ಈ ಸಲ ನೂರು ಸಿಸಿಯ ಗಾಡಿ ಬೇಡ. ಬುಲೆಟ್ ಬೇಕು, ಅದಕ್ಕಿಂತ ದೊಡ್ಡದಾದರೆ ಇನ್ನೂ ಒಳ್ಳೆಯದು. ನಮ್ಮ ಗೌರಸಮುದ್ರದ ಕಡೆಯೂ ಈ ಗಾಳಿ ಬೀಸಿದೆ. ಮನೆಯಲ್ಲಿ ಈ ಮಾತು ಎದ್ದಾಗ ಹೆಂಡತಿ ಕೇಳುವ ಮೊದಲ ಪ್ರಶ್ನೆ ಒಂದೇ: "ಏನೂಂದ್ರೆ, ಈ ವಯಸ್ಸಿಗೆ ಇದೆಲ್ಲ ಬೇಕಾ?"

ಈ ಪ್ರಶ್ನೆಯನ್ನು ನಗೆಯಲ್ಲಿ ಹಾರಿಸುವ ಹಾಗಿಲ್ಲ. ಆಸೆಯನ್ನೂ ಹುಚ್ಚು ಎಂದು ತಳ್ಳಿಹಾಕುವ ಹಾಗಿಲ್ಲ. ಸವಾರಿಯ ಪ್ರೀತಿ ದೀನ್‌ಗೆ ಹೊರಗಿನದಲ್ಲ. ಪ್ರವಾದಿವರ್ಯರು(ಸ) ಮದೀನದಲ್ಲಿ ಕುದುರೆಗಳ ಪಂದ್ಯ ಏರ್ಪಡಿಸಿದ್ದನ್ನು ಹದೀಸ್‌ಗಳಲ್ಲಿ ಓದುತ್ತೇವೆ. ಅವರ 'ಅಳ್‌ಬಾ' ಎಂಬ ಒಂಟೆಯನ್ನು ಯಾವ ಒಂಟೆಯೂ ಹಿಂದೆ ಹಾಕಿರಲಿಲ್ಲ. ಒಂದು ದಿನ ಮರಳುಗಾಡಿನ ಒಬ್ಬ ಹಳ್ಳಿಗನ ಎಳೆಯ ಒಂಟೆ ಅದನ್ನು ಹಿಂದೆ ಹಾಕಿತು. ಸಹಾಬಿಗಳಿಗೆ ಬೇಸರವಾಯಿತು. ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಕೆಳಗಿಳಿಸದೆ ಬಿಡುವುದಿಲ್ಲ ಎಂಬ ಅರ್ಥದ ಮಾತನ್ನು ಪ್ರವಾದಿ(ಸ) ಆಗ ಹೇಳಿದರು. ಹೆದ್ದಾರಿಯಲ್ಲಿ ಇಪ್ಪತ್ತು ವರ್ಷದ ಹುಡುಗನೊಬ್ಬ ಭುರ್ರೆಂದು ಮುಂದೆ ಹೋದಾಗ ನಮ್ಮ ವಯಸ್ಸಿನವರು ನೆನಪಿಸಿಕೊಳ್ಳಬೇಕಾದ ಘಟನೆ ಇದು. ಅವನನ್ನು ಹಿಂದೆ ಹಾಕಲೇಬೇಕೆಂಬ ಕಿಚ್ಚಿನಲ್ಲೇ ಎಷ್ಟೋ ಅಪಘಾತಗಳು ಆಗುತ್ತವೆ.

ಈ ಆಸೆಗೆ ಕರ್ನಾಟಕದಲ್ಲಿ ಒಂದು ಹಿನ್ನೆಲೆಯೂ ಇದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ ಜಾವಾ ಬೈಕ್‌ಗಳನ್ನೂ 1973ರಿಂದ ಯೆಜ್ದಿ ಹೆಸರಿನವನ್ನೂ ತಯಾರಿಸಿತು. 1996ರಲ್ಲಿ ಬಾಗಿಲು ಮುಚ್ಚಿತು. ಕಿಕ್ಕರ್ ಅನ್ನೇ ಮುಂದಕ್ಕೆ ಮಡಚಿದರೆ ಗೇರ್ ಆಗುತ್ತಿತ್ತು, ಎರಡು ಕಡೆ ಎರಡು ಸೈಲೆನ್ಸರ್, ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಶೇಂಗಾ ವ್ಯಾಪಾರಕ್ಕೆ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಹೋಗುವವರು ಯೆಜ್ದಿಯಲ್ಲಿ ಬಂದರೆ ಬೀದಿಯ ಕೊನೆಯಲ್ಲೇ ಸದ್ದು ಕೇಳುತ್ತಿತ್ತು. ಮದರಸದಿಂದ ರಜೆಗೆ ಬಂದಾಗ ಚಾಚಾ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಈಗ ಹಾಗೆ ಯಾರೂ ಮಕ್ಕಳನ್ನು ಕೂರಿಸಬಾರದು! ಜಾವಾ ಹೆಸರು 2018ರಲ್ಲಿ, ಯೆಜ್ದಿ ಹೆಸರು 2022ರಲ್ಲಿ ಬೇರೆ ಕಂಪೆನಿಯ ಮೂಲಕ ಮತ್ತೆ ಮಾರುಕಟ್ಟೆಗೆ ಬಂದವು. ಹಳೆಯ ಹೆಸರು ಕಂಡ ಕೂಡಲೇ ಹಳೆಯ ವಯಸ್ಸೂ ಬಂದೀತು ಎಂದು ನಂಬುವವರಿದ್ದಾರೆ. ಬರುವುದಿಲ್ಲ.

ಹಳೆಯ ಯೆಜ್ದಿ ಸುಮಾರು 140 ಕಿಲೋ ಇತ್ತು. ಇಂದಿನ ಸ್ಪ್ಲೆಂಡರ್ 112 ಕಿಲೋ ಆಸುಪಾಸು. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 195 ಕಿಲೋ. ಓಡುವಾಗ ಈ ಭಾರ ಗೊತ್ತಾಗುವುದಿಲ್ಲ. ಮನೆಯ ಮುಂದಿನ ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯುವಾಗ, ಡಬಲ್ ಸ್ಟ್ಯಾಂಡ್ ಹಾಕುವಾಗ, ಮರಳಿನಲ್ಲಿ ಕಾಲು ಜಾರಿದಾಗ ಗೊತ್ತಾಗುತ್ತದೆ. ಸೊಂಟ ನೋವಿರುವವರು ಷೋರೂಮಿನಲ್ಲಿ ಕುಳಿತು ನೋಡಿದರೆ ಸಾಲದು, ಇಳಿದು ತಳ್ಳಿ ನೋಡಬೇಕು. ಎರಡೂ ಪಾದ ನೆಲಕ್ಕೆ ಊರುವ ಎತ್ತರವಿರಬೇಕು.

ಸಿಸಿ ಒಂದನ್ನೇ ನೋಡಿ ಗಾಡಿಯ ಕಸುವನ್ನು ಅಳೆಯುವುದೂ ಸರಿಯಲ್ಲ. 350 ಸಿಸಿಯ ಕ್ಲಾಸಿಕ್‌ನ ಅಶ್ವಶಕ್ತಿ ಸುಮಾರು 20. ಸಿಸಿಯಲ್ಲಿ ಅದಕ್ಕಿಂತ ಸ್ವಲ್ಪವೇ ದೊಡ್ಡದಾದ ಕೆಟಿಎಂ 390 ಡ್ಯೂಕ್‌ನದ್ದು 40ಕ್ಕೂ ಹೆಚ್ಚು. ಒಂದು ಎಮ್ಮೆಯ ಹಾಗೆ ನಿಧಾನವಾಗಿ ಎಳೆಯುತ್ತದೆ, ಇನ್ನೊಂದು ಕೈ ಸ್ವಲ್ಪ ತಿರುಗಿಸಿದರೆ ಹಾರುತ್ತದೆ. ಹದಿನೈದು ವರ್ಷ ಬೈಕ್ ಮುಟ್ಟದ ಕೈಗೆ ಎರಡನೆಯದು ಸಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಅದಕ್ಕೂ ಮೊದಲು, ಅಪಾಯ ಕಂಡು ಕೈ ಬ್ರೇಕಿಗೆ ಹೋಗುವ ಒಂದೇ ಸೆಕೆಂಡಿನಲ್ಲಿ, 60 ಕಿ.ಮೀ. ವೇಗದ ಗಾಡಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. 80ರಲ್ಲಿ 22 ಮೀಟರ್. ವಯಸ್ಸಾದಂತೆ ಆ ಒಂದು ಸೆಕೆಂಡು ಉದ್ದವಾಗುತ್ತದೆಯೇ ಹೊರತು ಕಿರಿದಾಗುವುದಿಲ್ಲ.

ನಮ್ಮ ಸೀಮೆಯ ರಸ್ತೆಗಳನ್ನು ಬೇರೆಯಾಗಿಯೇ ಯೋಚಿಸಬೇಕು. ಬಳ್ಳಾರಿ-ಚಳ್ಳಕೆರೆ-ಹಿರಿಯೂರು ಹೆದ್ದಾರಿ ಅಗಲವಾಗಿದೆ, ಕೈ ತಾನಾಗಿ ತಿರುಗುತ್ತದೆ. ಅಲ್ಲಿಂದ ಹಳ್ಳಿಯ ಕಡೆ ತಿರುಗಿದ ಕೂಡಲೇ ಸಂಜೆ ಹೊತ್ತು ಕುರಿ ಹಿಂಡು ಎದುರಾಗುತ್ತದೆ. ಮುಂದಿನ ಕುರಿ ದಾಟಿದರೆ ಹಿಂದಿನವೆಲ್ಲ ದಾಟಿಯೇ ದಾಟುತ್ತವೆ, ಹಾರನ್ ಹೊಡೆದು ಪ್ರಯೋಜನವಿಲ್ಲ. ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣ. ರಾಗಿ, ಹುರುಳಿ ಹುಲ್ಲಿನ ಮೇಲೆ ಚಕ್ರ ಎಣ್ಣೆಯ ಮೇಲೆ ಹೋದ ಹಾಗೆ ಜಾರುತ್ತದೆ. ಭಾದ್ರಪದದಲ್ಲಿ ಮಾರಮ್ಮನ ಜಾತ್ರೆಗೆ ಆಂಧ್ರದ ಕಡೆಯಿಂದಲೂ ಜನ, ಟ್ರ್ಯಾಕ್ಟರ್, ಎತ್ತಿನ ಗಾಡಿ ಬರುವಾಗ ದೊಡ್ಡ ಬೈಕ್ ಮನೆಯಲ್ಲಿರುವುದೇ ಕ್ಷೇಮ. 2019ರ ಏಪ್ರಿಲ್‌ನಿಂದ 125 ಸಿಸಿಗೆ ಮೇಲ್ಪಟ್ಟ ಹೊಸ ಬೈಕ್‌ಗಳಿಗೆಲ್ಲ ಎಬಿಎಸ್ ಕಡ್ಡಾಯ. ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ಅದು ತಡೆಯುತ್ತದೆ. ಹಳೆಯ ಗಾಡಿ ಓಡಿಸಿದವರಿಗೆ ಹಿಂದಿನ ಬ್ರೇಕ್ ಒಂದನ್ನೇ ತುಳಿಯುವ ರೂಢಿ. ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕ್. ಇದನ್ನು ಖಾಲಿ ಮೈದಾನದಲ್ಲಿ ಹೊಸದಾಗಿ ಕಲಿಯಬೇಕು. ಆದರೆ ಹುಲ್ಲು, ಮರಳಿನ ಮೇಲೆ ಎಬಿಎಸ್ ಕೂಡ ಪವಾಡ ಮಾಡುವುದಿಲ್ಲ.

ಈಗ ಸಹೋದರಿಯರಿಗೆ ಮುಖ್ಯವಾದ ವಿಷಯ. ಒಂದು ಪ್ರಯಾಣದಲ್ಲಿ ಅನ್‌ಜಶಾ ಎಂಬ ಸೇವಕರು ಮಹಿಳೆಯರು ಕುಳಿತಿದ್ದ ಒಂಟೆಗಳನ್ನು ಹಾಡುತ್ತಾ ನಡೆಸುತ್ತಿದ್ದರು. ಹಾಡಿಗೆ ಒಂಟೆಗಳು ವೇಗ ಹೆಚ್ಚಿಸಿದವು. ಗಾಜಿನ ಪಾತ್ರೆಗಳನ್ನು ಒಯ್ಯುತ್ತಿರುವೆ, ಮೆಲ್ಲಗೆ ನಡೆಸು ಎಂದು ಪ್ರವಾದಿ(ಸ) ಅವರನ್ನು ತಡೆದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿ ಇದೆ. ಹಿಂದೆ ಕುಳಿತವರ ಬಗ್ಗೆ ಮುಂದಿನವನಿಗೆ ಇರಬೇಕಾದ ಎಚ್ಚರಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೆ?

ಆದರೆ ಶಕ್ತಿಶಾಲಿ ಬೈಕ್‌ಗಳಲ್ಲಿ ಹಲವು, ಹಿಂದೆ ಒಬ್ಬರು ಕೂರುತ್ತಾರೆಂಬುದನ್ನೇ ಮರೆತು ಮಾಡಿದಂತಿವೆ. ಸೀಟು ಎತ್ತರ, ಅಂಗೈ ಅಗಲ, ಹಿಡಿಯಲು ಏನೂ ಸಿಗದು. ಹಿಂದಿನ ಸವಾರರಿಗೆ ಹಿಡಿಕೆ, ಕಾಲು ಊರುವ ಜಾಗ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧ ಭಾಗವಾದರೂ ಮುಚ್ಚಿರಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಇದನ್ನೇ ನಾವು ಸೀರೆ ಗಾರ್ಡ್ ಎನ್ನುವುದು. ಅಂದ ಕೆಡುತ್ತದೆಂದು ಕೆಲವರು ಗಾಡಿ ತಂದ ವಾರದಲ್ಲೇ ಅದನ್ನು ಬಿಚ್ಚಿಸುತ್ತಾರೆ. ಬುರ್ಖಾದ ಅಂಚು, ದುಪಟ್ಟಾದ ತುದಿ ಚಕ್ರಕ್ಕೋ ಚೈನಿಗೋ ಸಿಕ್ಕರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕುತ್ತಿಗೆಗೆ ಬರುತ್ತದೆ. ಕೂರುವ ಮೊದಲು ದುಪಟ್ಟಾವನ್ನು ಒಳಗೆ ಸಿಕ್ಕಿಸಿ, ಬುರ್ಖಾದ ಅಂಚನ್ನು ಮಡಚಿ ಮಂಡಿಯ ಕೆಳಗೆ ಒತ್ತಿಕೊಳ್ಳಿ. ಗಾರ್ಡ್ ಬಿಚ್ಚಿದ ಗಾಡಿಗೆ ಹತ್ತುವುದಿಲ್ಲ ಎಂದು ಹೇಳಲು ಸಂಕೋಚ ಬೇಡ. ನಾನು 350 ಸಿಸಿಯದ್ದನ್ನು ಕೊಳ್ಳುವಾಗ ಮನೆಯವರನ್ನೂ ಕರೆದುಕೊಂಡು ಹೋಗಿದ್ದೆ. ಎರಡು ಗಾಡಿಗಳ ಹಿಂದಿನ ಸೀಟು ನೋಡಿ ಬೇಡವೆಂದರು, ಮೂರನೆಯದನ್ನು ಒಪ್ಪಿದರು. ಅದೇ ಮನೆಗೆ ಬಂತು.

ಹೆಲ್ಮೆಟ್ ಹಿಂದೆ ಕೂರುವವರಿಗೂ ಕಡ್ಡಾಯ, ಅದರ ಮೇಲೆ ಐಎಸ್‌ಐ ಗುರುತಿರಬೇಕು. ಸ್ಕಾರ್ಫ್ ದಪ್ಪಗಿದ್ದರೆ ಹೆಲ್ಮೆಟ್ ಸರಿಯಾಗಿ ಕೂರದು. ತೆಳು ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡೇ ಅಂಗಡಿಯಲ್ಲಿ ಅಳತೆ ನೋಡಿ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಜೊತೆಗೆ ಸುರಕ್ಷಾ ಬೆಲ್ಟ್ ಇರಬೇಕು, ವೇಗ 40 ಕಿ.ಮೀ. ಮೀರಬಾರದು ಎಂಬ ನಿಯಮ 2022ರಲ್ಲಿ ಬಂದಿದೆ.

ಲೈಸೆನ್ಸ್ ತೆಗೆದು ತಾರೀಖು ನೋಡಿ. ಹಿಂದೆ ಅದು 20 ವರ್ಷಕ್ಕೆ ಇಲ್ಲವೇ 50ನೇ ವಯಸ್ಸಿನವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಸಿಗುತ್ತಿತ್ತು. 2000ದಲ್ಲಿ 20ರ ಹರೆಯದಲ್ಲಿ ಮಾಡಿಸಿದವರದ್ದು 2020ಕ್ಕೇ ಮುಗಿದಿದೆ. ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು. ಲೈಸೆನ್ಸ್ ಇಲ್ಲದ ಸವಾರಿಯಲ್ಲಿ ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕು, ಅದರ ಹೊರೆ ಬೀಳುವುದು ಹೆಂಡತಿ ಮಕ್ಕಳ ಮೇಲೆ. ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಓದುವ ಕನ್ನಡಕಕ್ಕೆ ನಾವು 'ಚಾಳೀಸು' ಎನ್ನುವುದು ಸುಮ್ಮನೆ ಅಲ್ಲ, ಚಾಲೀಸ್ ಎಂದರೆ ನಲವತ್ತು! ರಾತ್ರಿ ಎದುರಿನ ಲಾರಿಯ ದೀಪಕ್ಕೆ ಕಣ್ಣು ಕುಕ್ಕುವುದು, ಸಕ್ಕರೆ ಕಾಯಿಲೆಯವರಿಗೆ ಹೊಟ್ಟೆ ಹಸಿದಾಗ ತಲೆ ಸುತ್ತುವುದು ಬೈಕಿನ ಮೇಲೆ ಪ್ರಾಣದ ಪ್ರಶ್ನೆ.

ಇನ್ನು ಹಣ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಅದಕ್ಕೆ ಮೇಲ್ಪಟ್ಟವಕ್ಕೆ ಶೇ. 40 ಆಯಿತು. ಆ ಗೆರೆಯ ಕೆಳಗೇ ನಿಲ್ಲಲು ಇದೂ ಒಂದು ಕಾರಣ. ಷೋರೂಮಿನಲ್ಲಿ ಕಾಲಿಟ್ಟ ಕೂಡಲೇ ಕಂತಿನ ಕಾಗದ ಮುಂದಿಡುತ್ತಾರೆ. ಹೊಟ್ಟೆಪಾಡಿಗಲ್ಲದ ಒಂದು ಆಸೆಗಾಗಿ ಬಡ್ಡಿಯ ಬಾಗಿಲು ತೆರೆಯಲು ಯಾವ ನೆಪವೂ ಇಲ್ಲ. ಎರಡು ವರ್ಷ ತಡವಾದರೂ ಕೂಡಿಟ್ಟು ಕೊಳ್ಳಬಹುದು, ಮಗಳ ಕಾಲೇಜಿನ ಫೀಸು ಬಾಕಿಯಿದ್ದರೆ ಅದು ಮೊದಲು. ಲೆಕ್ಕ ಹಾಕುವಾಗ ಎರಡು ಒಳ್ಳೆಯ ಹೆಲ್ಮೆಟ್, ಟಯರ್, ಸರ್ವೀಸಿನ ಖರ್ಚನ್ನೂ ಸೇರಿಸಿ. ಚಳ್ಳಕೆರೆಯಲ್ಲಿ ಆ ಗಾಡಿಯ ರಿಪೇರಿ ಬಲ್ಲ ಮೆಕ್ಯಾನಿಕ್ ಇದ್ದಾರೆಯೇ ಎಂದು ಮುಂಗಡ ಕೊಡುವ ಮುಂಚೆ ವಿಚಾರಿಸಿ. ಇಲ್ಲವಾದರೆ ಒಂದು ಕೇಬಲ್ ತುಂಡಾದರೂ ಚಿತ್ರದುರ್ಗಕ್ಕೋ ಬಳ್ಳಾರಿಗೋ ಟೆಂಪೋದಲ್ಲಿ ಸಾಗಿಸಬೇಕಾದೀತು.