ಲೆಕ್ಕ ತಲೆಗೆ ಹತ್ತದಿದ್ದಾಗ

ಪರ್ತ್ ನಗರದ ಈಶಾನ್ಯ ಅಂಚಿನಲ್ಲಿ, ಸ್ವಾನ್ ಕಣಿವೆಯ ದ್ರಾಕ್ಷಿ ತೋಟಗಳ ನೆರೆಯಲ್ಲಿರುವ ಎಲೆನ್‌ಬ್ರೂಕ್‌ನಲ್ಲಿ ವಿಶ್ವವಿದ್ಯಾಲಯವಿಲ್ಲ. ಎಂಜಿನಿಯರಿಂಗ್ ಓದಬೇಕೆಂದರೆ ಬೆಂಟ್ಲಿಯ ಕರ್ಟಿನ್‌ಗೋ ಕ್ರಾಲಿಯಲ್ಲಿರುವ ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯಕ್ಕೋ ಬೇರೆಡೆಗೋ ಹೋಗಬೇಕು. 2024ರ ಡಿಸೆಂಬರ್ 8ರಂದು 21 ಕಿ.ಮೀ. ಉದ್ದದ ಹೊಸ ರೈಲು ಮಾರ್ಗ ತೆರೆಯುವ ತನಕ ಬಸ್ಸು ಅಥವಾ ಸ್ವಂತ ಕಾರೇ ಗತಿಯಾಗಿತ್ತು. ಈಗ ರೈಲಿನಲ್ಲಿ ಪರ್ತ್ ತಲುಪಿ, ಅಲ್ಲಿಂದ ಮುಂದಕ್ಕೆ ಬಸ್ಸು ಹಿಡಿಯುತ್ತಾರೆ. ದೂರದಿಂದ ಬರುವ ವಿದ್ಯಾರ್ಥಿಗೆ ಕ್ಲಾಸು ಮುಗಿದ ಕೂಡಲೇ ಮನೆಯ ದಾರಿ ಹಿಡಿಯುವ ಆತುರ ಸಹಜ. ಲೆಕ್ಕ ಅರ್ಥವಾಗದವರಿಗಾಗಿ ಕ್ಯಾಂಪಸ್ಸಿನಲ್ಲೇ ನಡೆಯುವ ಉಚಿತ ನೆರವು ಅವರ ಕೈತಪ್ಪುವುದು ಹೀಗೆ.

ಆ ನೆರವು ಕಡಿಮೆಯದೇನಲ್ಲ. ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದಲ್ಲಿ ‘ಸ್ಟಡಿಸ್ಮಾರ್ಟರ್’ ತಂಡ ಗಣಿತ, ಸಂಖ್ಯಾಶಾಸ್ತ್ರಕ್ಕೆ ಸಹಾಯ ಮಾಡುತ್ತ ಬಂದಿದೆ. ಕರ್ಟಿನ್‌ನ ‘ಯೂನಿಪಾಸ್’ನಲ್ಲಿ ಅದೇ ವಿಷಯವನ್ನು ಹಿಂದೆ ಓದಿ ಪಾಸಾದ ಹಿರಿಯ ವಿದ್ಯಾರ್ಥಿಗಳು ಕಿರಿಯರೊಡನೆ ಕೂತು ಲೆಕ್ಕ ಬಿಡಿಸುತ್ತಾರೆ. ಈ ಪದ್ಧತಿಯ ಬೇರು ಅಮೆರಿಕದ ಕಾನ್ಸಾಸ್ ಸಿಟಿಯ ಮಿಸ್ಸೂರಿ ವಿಶ್ವವಿದ್ಯಾಲಯದಲ್ಲಿದೆ. ಡಿಯಾನಾ ಮಾರ್ಟಿನ್ 1973ರಲ್ಲಿ ಅದನ್ನು ಅಲ್ಲಿ ಶುರುಮಾಡಿದರು. ಬ್ರಿಸ್ಬೇನ್‌ನ ಕ್ಯೂಯುಟಿಯಲ್ಲಿ ‘ಸ್ಟಿಮ್ಯುಲೇಟ್’ ಎಂಬ ಹೆಸರಿನಲ್ಲಿ ಇಂಥದೇ ಕೆಲಸ ನಡೆದಿದೆ. ಅಡಿಲೇಡ್ ವಿಶ್ವವಿದ್ಯಾಲಯದ ಗಣಿತ ಕಲಿಕಾ ಕೇಂದ್ರವಂತೂ ಅದನ್ನು ನಡೆಸಿದ ಡೇವಿಡ್ ಬಟ್ಲರ್ ಅವರಿಂದಾಗಿ ಹೊರಗೂ ಹೆಸರಾಯಿತು. ಅಪಾಯಿಂಟ್‌ಮೆಂಟ್ ಬೇಡ, ಪುಸ್ತಕ ಹಿಡಿದು ನೇರ ಒಳಗೆ ಹೋಗಬಹುದು. ಅಲ್ಲಿ ಉತ್ತರ ಬರೆದುಕೊಡುವುದಿಲ್ಲ. ವಿದ್ಯಾರ್ಥಿ ಎಲ್ಲಿಯವರೆಗೆ ಬಂದಿದ್ದಾನೆ, ಯಾವ ಸಾಲಿನಲ್ಲಿ ನಿಂತಿದ್ದಾನೆ ಎಂಬುದನ್ನು ಮೊದಲು ವಿಚಾರಿಸುತ್ತಾರೆ.

ಹಾಗೆ ವಿಚಾರಿಸುವುದರಿಂದ ಏನಾಗುತ್ತದೆಂಬುದಕ್ಕೆ ಸಿಗ್ನಲ್ ಪ್ರೊಸೆಸಿಂಗ್‌ನ ಒಂದು ಮಾಮೂಲಿ ಲೆಕ್ಕವನ್ನೇ ನೋಡಬಹುದು. ಸೆಕೆಂಡಿಗೆ 700 ಸಲ ಏರಿಳಿಯುವ ಅಲೆಯೊಂದಿದೆ. ಅದನ್ನು ಸೆಕೆಂಡಿಗೆ 1000 ಸಲ ಅಳೆದು ಬರೆದಿಟ್ಟರೆ ಮುಂದೆ ಅದು ಎಷ್ಟು ಹರ್ಟ್ಸ್‌ನ ಅಲೆಯಾಗಿ ಕಾಣುತ್ತದೆ? ಉತ್ತರ 300. ಸೂತ್ರ ಬಾಯಿಪಾಠ ಮಾಡಿದವರು ಇದನ್ನು ಹೇಳಿಬಿಡುತ್ತಾರೆ, ಏಕೆಂದು ಕೇಳಿದರೆ ತಡವರಿಸುತ್ತಾರೆ. ಒಳ್ಳೆಯ ಟ್ಯೂಟರ್ ಒಂದು ಹಾಳೆ ಕೊಟ್ಟು ಮೊದಲ ಕೆಲವು ಅಳತೆಗಳನ್ನು ಕೈಯಲ್ಲೇ ಬರೆಯಲು ಹೇಳುತ್ತಾರೆ. 700 ಹರ್ಟ್ಸ್‌ನ ಅಲೆ ಒಂದು ಅಳತೆಯಿಂದ ಮುಂದಿನದಕ್ಕೆ 252 ಡಿಗ್ರಿ ಸಾಗುತ್ತದೆ, 300 ಹರ್ಟ್ಸ್‌ನದು 108 ಡಿಗ್ರಿ. ಎರಡರ ಕೊಸೈನ್ ಬೆಲೆಯೂ −0.309. ಮುಂದಿನ ಅಳತೆಯಲ್ಲಿ ಎರಡೂ −0.809. ನಾಲ್ಕನೆಯದೋ ಐದನೆಯದೋ ಬರೆಯುವ ಹೊತ್ತಿಗೆ, ಎರಡು ಬೇರೆ ಅಲೆಗಳು ಒಂದೇ ಅಂಕಿಗಳನ್ನು ಬಿಟ್ಟುಹೋಗುತ್ತಿವೆ ಎಂದು ವಿದ್ಯಾರ್ಥಿಯ ಕಣ್ಣಿಗೇ ಬೀಳುತ್ತದೆ. ಅಲೆಯಲ್ಲಿರುವ ಅತಿ ಹೆಚ್ಚಿನ ಆವರ್ತನದ ಎರಡರಷ್ಟಕ್ಕಿಂತಲೂ ವೇಗವಾಗಿ ಅಳೆಯಬೇಕೆಂಬ ನಿಯಮವನ್ನು ಆಮೇಲೆ ಉರುಹೊಡೆಯಬೇಕಾಗಿಲ್ಲ.

ಈ ನಿಯಮ ಪರೀಕ್ಷೆಗಷ್ಟೇ ಇರುವುದಲ್ಲ ಎಂಬುದಕ್ಕೆ ಪಶ್ಚಿಮ ಆಸ್ಟ್ರೇಲಿಯಾದಲ್ಲೇ ಪುರಾವೆಯಿದೆ, ಅದರ ಒಂದು ತುದಿ ಬೆಂಗಳೂರಿನಲ್ಲಿದೆ. ಪರ್ತ್‌ನಿಂದ ಉತ್ತರಕ್ಕೆ ಸುಮಾರು 800 ಕಿ.ಮೀ. ದೂರದ ಮರ್ಚಿಸನ್ ಬಯಲಿನಲ್ಲಿ, ವಜಾರಿ ಜನರ ನೆಲದಲ್ಲಿ, 2013ರಲ್ಲಿ ಕೆಲಸಕ್ಕಿಳಿದ ರೇಡಿಯೊ ದೂರದರ್ಶಕವಿದೆ: ಮರ್ಚಿಸನ್ ವೈಡ್‌ಫೀಲ್ಡ್ ಅರೇ. ಅದರ ಡಿಜಿಟಲ್ ರಿಸೀವರ್‌ಗಳ ಕೆಲಸದಲ್ಲಿ ಬೆಂಗಳೂರಿನ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಕೈಯಿದೆ. ದೂರದರ್ಶಕ ಆಲಿಸುವುದು 80ರಿಂದ 300 ಮೆಗಾಹರ್ಟ್ಸ್‌ವರೆಗೆ. ಹಾಗಾದರೆ ಸೆಕೆಂಡಿಗೆ 60 ಕೋಟಿಗಿಂತ ಹೆಚ್ಚು ಸಲ ಅಳೆಯಬೇಕು; ರಿಸೀವರ್ ಅಳೆಯುವುದು 65.536 ಕೋಟಿ ಸಲ. ಅದರ ಅರ್ಧ 327.68 ಮೆಗಾಹರ್ಟ್ಸ್. ಅದನ್ನು 256 ಪಾಲು ಮಾಡಿದರೆ ಒಂದೊಂದೂ 1.28 ಮೆಗಾಹರ್ಟ್ಸ್. ಎರಡನೇ ವರ್ಷದ ವಿದ್ಯಾರ್ಥಿ ಈ ಭಾಗಾಕಾರವನ್ನು ತಾನೇ ಮಾಡಿ ನೋಡಬಹುದು. ಟ್ಯುಟೋರಿಯಲ್ ಹಾಳೆಯಲ್ಲಿ ಇಂಥ ನಿಜವಾದ ಅಂಕಿಗಳು ಇನ್ನೂ ಹೆಚ್ಚಾಗಿ ಬರಬೇಕು.

ಸಿಗ್ನಲ್ ಪ್ರೊಸೆಸಿಂಗ್ ಕಷ್ಟವೆನ್ನುವವರು ಹಲವು ಸಲ ಸಿಕ್ಕಿಬಿದ್ದಿರುವುದು ಅದಕ್ಕಿಂತ ಹಿಂದಿನ ಮೆಟ್ಟಿಲಲ್ಲಿ. ಫೂರಿಯೆ ಮೊತ್ತ ಬಿಡಿಸುವಾಗ ಬೇಕಾಗುವುದು ಶಾಲೆಯಲ್ಲಿ ಕಲಿತ ಗುಣೋತ್ತರ ಶ್ರೇಣಿ. ಅದರೊಳಗೆ ಸಂಕೀರ್ಣ ಸಂಖ್ಯೆಗಳು ಸೇರಿಕೊಂಡಿರುತ್ತವೆ. ಕರ್ನಾಟಕದಲ್ಲಿ ಪಿಯುಸಿ ಮೊದಲ ವರ್ಷದಲ್ಲೇ ಸಂಕೀರ್ಣ ಸಂಖ್ಯೆಗಳ ಪರಿಚಯವಾಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅವು ಇರುವುದು ‘ಸ್ಪೆಷಲಿಸ್ಟ್’ ಗಣಿತದಲ್ಲಿ. ‘ಮೆಥಡ್ಸ್’ ಮಾತ್ರ ಓದಿ ಬಂದವರಿಗೆ ಅವು ವಿಶ್ವವಿದ್ಯಾಲಯದಲ್ಲೇ ಮೊದಲು ಎದುರಾಗುತ್ತವೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓದಿದ ಅಪ್ಪ ಅಮ್ಮಂದಿರು ಮಗಳಿಗೆ ಇಷ್ಟೂ ಗೊತ್ತಿಲ್ಲವೇ ಎಂದು ಗದರುವ ಮುನ್ನ ಈ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ಊರಿನಿಂದಲೂ ಒಂದು ಆಸರೆ ಇದೆ: ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನ ಪಾಠಗಳನ್ನು ಪರ್ತ್‌ನಲ್ಲಿ ಕೂತೂ ಉಚಿತವಾಗಿ ನೋಡಬಹುದು.

ದುಡ್ಡು ಕೊಟ್ಟು ಅಸೈನ್‌ಮೆಂಟ್ ಬರೆಸುವುದು ಬೇರೆಯೇ ಮಾತು. ಹಾಗೆ ಬರೆದುಕೊಡುವ ವ್ಯಾಪಾರವನ್ನು ಆಸ್ಟ್ರೇಲಿಯಾ 2020ರ ಕಾನೂನಿನಲ್ಲಿ ಅಪರಾಧವೆಂದು ಸಾರಿದೆ. ಮಾರಿದವರಿಗೆ ಎರಡು ವರ್ಷದವರೆಗೆ ಜೈಲು. ಬರೆಸಿಕೊಂಡ ವಿದ್ಯಾರ್ಥಿ ತನ್ನ ವಿಶ್ವವಿದ್ಯಾಲಯದ ಶಿಸ್ತುಕ್ರಮ ಎದುರಿಸಬೇಕು.

ಇನ್ನೊಬ್ಬರನ್ನು ಕೇಳುವುದಕ್ಕೆ ನಾಚಿಕೊಳ್ಳುವ ಹುಡುಗ ಹುಡುಗಿಯರು ಅಡಿಲೇಡ್‌ನಲ್ಲಿ ಹುಟ್ಟಿದ ಟೆರೆನ್ಸ್ ಟಾವೊ ಅವರ ಕಥೆ ಕೇಳಬೇಕು. ಫ್ಲಿಂಡರ್ಸ್ ವಿಶ್ವವಿದ್ಯಾಲಯದಲ್ಲಿ ಓದಿ, 2006ರಲ್ಲಿ ಫೀಲ್ಡ್ಸ್ ಪದಕ ಪಡೆದವರು ಅವರು. ಅತಿ ಕಡಿಮೆ ಅಳತೆಗಳಿಂದ ಪೂರ್ತಿ ಚಿತ್ರ ಮರಳಿ ಬರುತ್ತಿದ್ದುದನ್ನು ಕಂಡು ಗಣಿತಜ್ಞ ಎಮಾನ್ಯುಯೆಲ್ ಕ್ಯಾಂಡೆಸ್ ತಬ್ಬಿಬ್ಬಾದಾಗ ವಿಷಯ ಮುಂದಿಟ್ಟದ್ದು ಟಾವೊ ಮುಂದೆ. ಇಬ್ಬರ ಮಕ್ಕಳೂ ಒಂದೇ ಶಿಶುವಿಹಾರಕ್ಕೆ ಹೋಗುತ್ತಿದ್ದರು. ಇದು ಸಾಧ್ಯವೇ ಇಲ್ಲವೆಂದು ಟಾವೊಗೆ ಮೊದಲು ಅನ್ನಿಸಿತು. ತಪ್ಪೆಲ್ಲಿದೆಯೆಂದು ತೋರಿಸಲು ಹೊರಟವರು ಕೊನೆಗೆ ಸರಿಯೆಂಬುದಕ್ಕೇ ಸಾಧನೆ ಕೊಟ್ಟರು. ಅದರಿಂದ ಬೆಳೆದ ‘ಕಂಪ್ರೆಸ್ಡ್ ಸೆನ್ಸಿಂಗ್’ ಇಂದು ಎಂಆರ್‌ಐ ಸ್ಕ್ಯಾನ್ ಬೇಗ ಮುಗಿಸಲು ನೆರವಾಗುತ್ತಿದೆ.

ಆಸ್ಟ್ರೇಲಿಯಾದಲ್ಲಿ ಮೊದಲ ಸೆಮಿಸ್ಟರ್ ಶುರುವಾಗುವುದು ಫೆಬ್ರವರಿ ಕೊನೆಯ ಹೊತ್ತಿಗೆ, ಎರಡನೆಯದು ಜುಲೈ ಕೊನೆಗೆ. ಪರೀಕ್ಷೆ ಹತ್ತಿರವಾದಂತೆ ಸಹಾಯದ ಮೇಜುಗಳು ತುಂಬಿ, ಒಬ್ಬೊಬ್ಬರಿಗೆ ಸಿಗುವ ಸಮಯ ಕಡಿಮೆಯಾಗುತ್ತದೆ. ಎಲೆನ್‌ಬ್ರೂಕ್‌ನಂಥ ದೂರದ ಬಡಾವಣೆಯಿಂದ ಬರುವವರು ಎರಡನೆಯ ವಾರದಲ್ಲೇ, ಕ್ಲಾಸು ಇರುವ ದಿನಗಳಲ್ಲಿ ಒಂದನ್ನು ಗೊತ್ತುಮಾಡಿಕೊಂಡು, ತಾವು ಬಿಡಿಸಲು ನೋಡಿದ ಹಾಳೆಯನ್ನು ಹಿಡಿದೇ ಅಲ್ಲಿಗೆ ಹೋಗುವುದು ಲೇಸು. ಹೊಡೆದುಹಾಕಿದ ಸಾಲುಗಳೂ ಅದರಲ್ಲಿರಲಿ, ಟ್ಯೂಟರ್ ಮೊದಲು ಓದುವುದು ಅವನ್ನೇ.