ಬಾಗಿಲ ರಂಗೋಲಿ ಬೀದಿ ಮೂಲೆಗೂ ಬರಲಿ

ಬೆಳಿಗ್ಗೆ ಎದ್ದು ಅಂಗಳ ತೊಳೆದು ರಂಗೋಲಿ ಇಡುತ್ತೇವೆ. ಆದರೆ ಅಡಿಗೆಮನೆಯ ಸಿಪ್ಪೆಯನ್ನು ಹಿತ್ತಲ ಕನ್ಸರ್ವೆನ್ಸಿಗೆ ಎಸೆಯುವ ಅಭ್ಯಾಸ ಕೆಲವರಿಗೆ ಇನ್ನೂ ಹೋಗಿಲ್ಲ, ಗೆಳತಿಯರೇ! 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಇಂಥ ಹಲವು ಕನ್ಸರ್ವೆನ್ಸಿಗಳನ್ನು ಸರಿಪಡಿಸಿದರು. ದಿನಾ ಕಾಯೋರು ಮಾತ್ರ ಅಕ್ಕಪಕ್ಕದ ನಾವೇ.

ನಮ್ಮ ವಿನೋಬನಗರದಂಥ ಬಡಾವಣೆಯಲ್ಲಿ ಪಾರ್ಕಿನ ಸುತ್ತಲಿನ ಹತ್ತು ಮನೆಯವರು ಸೇರಿದರೂ ಸಾಕು. ಪಾಲಿಕೆಯವರನ್ನು ಕೇಳಿ ಒಂದು ಮೂಲೆಯಲ್ಲಿ ಮೂರಡಿ ಗುಂಡಿ ತೋಡಿಸಿ. ಉದುರಿದ ಎಲೆಗೆ ಬೆಂಕಿ ಹಚ್ಚಲು ಬಿಡಬೇಡಿ. ಒಂದು ಪದರ ಒಣ ಎಲೆ, ಮೇಲೆ ತರಕಾರಿ ಸಿಪ್ಪೆ, ಒಂದಿಷ್ಟು ಸಗಣಿ ನೀರು ಇಲ್ಲವೇ ಹುಳಿ ಮಜ್ಜಿಗೆ. ವಾರಕ್ಕೊಮ್ಮೆ ಕೆದಕಿ. ಎರಡು ಮೂರು ತಿಂಗಳಿಗೆ ಕಪ್ಪನೆಯ ಗೊಬ್ಬರ; ದಾಸವಾಳಕ್ಕೆ ಹಾಕಿ ನೋಡಿ! ಅನ್ನ, ಮೀನಿನ ಮುಳ್ಳು ಬೇಡ, ಇಲಿ ಬರುತ್ತವೆ. ಮಳೆಗಾಲದಲ್ಲಿ ಗುಂಡಿಗೆ ತಗಡು ಮುಚ್ಚಲೇಬೇಕು.

ಮಳೆ ಎಂದರೆ ಸೊಳ್ಳೆ. ಎಳನೀರು ಬುರುಡೆಯಲ್ಲಿ ನಿಂತ ನೀರೇ ಡೆಂಗಿ ಸೊಳ್ಳೆಗೆ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು 8–10 ದಿನ ಸಾಕು. ಆದ್ದರಿಂದ ವಾರಕ್ಕೊಂದು ದಿನ ಮಕ್ಕಳೊಂದಿಗೆ ಪಾರ್ಕ್ ಸುತ್ತಿ, ನಿಂತ ನೀರು ಚೆಲ್ಲಿ.

ಬೀದಿ ಮೂಲೆಯಲ್ಲಿ ಕಸ ಸುರಿಯೋರನ್ನು ಬೈದು ಪ್ರಯೋಜನವಿಲ್ಲ. ‘ಕಸ ಹಾಕಬಾರದು’ ಅನ್ನೋ ಬೋರ್ಡಿನ ಕೆಳಗೇ ಹಾಕ್ತಾರೆ! ಬೆಂಗಳೂರಿನಲ್ಲಿ ಹಲವು ಕಡೆ ಅಂಥ ಜಾಗ ಗುಡಿಸಿ ರಂಗೋಲಿ ಹಾಕಿದರು. ರಂಗೋಲಿಯ ಮೇಲೆ ಕಸ ಸುರಿಯಲು ಯಾರಿಗಾದರೂ ಕೈ ಹಿಂಜರಿಯುತ್ತದೆ. ಕೆಲವು ದಿನ ಬಿಡದೆ ಹಾಕಬೇಕು, ಅಷ್ಟೆ.

ಗಾಡಿಗೆ ಹಸಿ ಕಸ, ಒಣ ಕಸ ಬೇರೆ ಬೇರೆ ಕೊಡಿ. ಪ್ಯಾಡು, ಡಯಪರ್‌ಗಳನ್ನು ಕಾಗದದಲ್ಲಿ ಸುತ್ತಿ ಮೂರನೆಯದಾಗಿ ಇಡಿ. ಪೌರಕಾರ್ಮಿಕರಲ್ಲಿ ಎಷ್ಟೋ ಜನ ಹೆಂಗಸರೇ; ನಾವು ಬೆರೆಸಿ ಕೊಟ್ಟದ್ದನ್ನು ಅವರು ಕೈಯಿಂದ ಬಿಡಿಸಬೇಕಾಗುತ್ತದೆ.