ಮೈನಸ್ ಗುರುತಿಲ್ಲದ ಮೈನಸ್

ಓದುಗರೊಬ್ಬರು ಕೇಳಿದ್ದಾರೆ: ‘ಕಂಪ್ಯೂಟರಿಗೆ ಗೊತ್ತಿರುವುದು 0 ಮತ್ತು 1 ಮಾತ್ರ ಅನ್ನುತ್ತೀರಿ. ಹಾಗಾದರೆ ಮೈನಸ್ 5ರ ಆ ಮೈನಸ್ ಗುರುತನ್ನು ಅದು ಎಲ್ಲಿ ಬರೆದಿಟ್ಟುಕೊಳ್ಳುತ್ತದೆ?’

ಪೂರ್ಣಾಂಕಗಳ ಮಟ್ಟಿಗೆ, ಬರೆದಿಟ್ಟುಕೊಳ್ಳುವುದೇ ಇಲ್ಲ.

ಯಾರಿಗಾದರೂ ಮೊದಲು ಹೊಳೆಯುವ ದಾರಿ, ಎಡತುದಿಯ ಬಿಟ್ ಒಂದನ್ನು ಗುರುತಿಗೆಂದೇ ಮೀಸಲಿಡುವುದು: 0 ಇದ್ದರೆ ಧನ, 1 ಇದ್ದರೆ ಋಣ. ಐಬಿಎಂ 7090ರಂಥ ಹಳೆಯ ಯಂತ್ರಗಳು ಹೀಗೇ ಮಾಡುತ್ತಿದ್ದವು. ಆದರೆ 00000000 ಸೊನ್ನೆಯಾದರೆ 10000000 ಏನು? ಮೈನಸ್ ಸೊನ್ನೆ! ಒಂದೇ ಬೆಲೆಗೆ ಎರಡು ವೇಷ. ಸೀಮೋರ್ ಕ್ರೇ ವಿನ್ಯಾಸದ, 1964ರ ಅತಿವೇಗದ ಸಿಡಿಸಿ 6600 ಯಂತ್ರದಲ್ಲಿ ಎಲ್ಲ ಬಿಟ್‌ಗಳನ್ನೂ ಅದಲುಬದಲು ಮಾಡಿದರೆ ಋಣಸಂಖ್ಯೆ ಸಿಗುತ್ತಿತ್ತು. ಅಲ್ಲೂ ಎರಡು ಸೊನ್ನೆಗಳ ಕಾಟ ತಪ್ಪಲಿಲ್ಲ.

ಪರಿಹಾರ ತಿಳಿಯಬೇಕಾದರೆ ಹಳೆಯ ಸ್ಕೂಟರಿನ ಕಿಲೋಮೀಟರ್ ಮೀಟರನ್ನು ನೆನೆಯಿರಿ. ಐದು ಅಂಕಿಚಕ್ರಗಳು, 99999 ಆದಮೇಲೆ ಮತ್ತೆ 00000. ಈಗ ಸೊನ್ನೆಯಲ್ಲಿರುವ ಮೀಟರನ್ನು ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿ. ಬರುವುದು 99999. ಅಂದರೆ ಈ ಮೀಟರಿನ ಲೆಕ್ಕದಲ್ಲಿ 99999 ಎಂದರೆ ಮೈನಸ್ 1, 99998 ಎಂದರೆ ಮೈನಸ್ 2. ನಂಬಿಕೆ ಬಾರದಿದ್ದರೆ ಕೂಡಿ ನೋಡಿ: 5ಕ್ಕೆ 99998 ಸೇರಿಸಿದರೆ 100003. ಆರನೆಯ ಅಂಕಿಗೆ ಮೀಟರಿನಲ್ಲಿ ಜಾಗವಿಲ್ಲ, ಉಳಿಯುವುದು 00003. ಕೂಡುತ್ತಲೇ 5ರಿಂದ 2ನ್ನು ಕಳೆದಾಯಿತು!

ಈ ಯುಕ್ತಿಯ ಹತ್ತಿರದ ನೆಂಟನೊಬ್ಬ 1640ರ ದಶಕದಲ್ಲೇ ಇದ್ದ. ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಕಟ್ಟಿದ ಲೆಕ್ಕಯಂತ್ರದ ಚಕ್ರಗಳು ಹಿಂದಕ್ಕೆ ತಿರುಗುತ್ತಿರಲಿಲ್ಲ. ಆದ್ದರಿಂದ ಪ್ರತಿ ಅಂಕಿಯನ್ನೂ 9ರಿಂದ ಕಳೆದು ಬರುವ ಪೂರಕಸಂಖ್ಯೆಯ ನೆರವಿನಿಂದ ವ್ಯವಕಲನವನ್ನು ಸಂಕಲನವಾಗಿಸಬೇಕಿತ್ತು. 1945ರಲ್ಲಿ ಜಾನ್ ವಾನ್ ನಾಯ್ಮನ್, ಎಡ್ವ್ಯಾಕ್ ಕಂಪ್ಯೂಟರಿನ ಕರಡು ವರದಿಯಲ್ಲಿ ದ್ವಿಮಾನ ಪದ್ಧತಿಗೆ ಒಗ್ಗುವ ಪೂರಕವನ್ನು ಸೂಚಿಸಿದರು. ಅದೇ ಇಂದಿನ ‘ಟೂಸ್ ಕಾಂಪ್ಲಿಮೆಂಟ್’.

ಮಾಡುವ ಕ್ರಮ ಸುಲಭ. 5 ಎಂದರೆ 00000101. ಬಿಟ್‌ಗಳನ್ನು ಅದಲುಬದಲು ಮಾಡಿದರೆ 11111010. ಅದಕ್ಕೆ 1 ಕೂಡಿಸಿದರೆ 11111011. ಇದೇ ಮೈನಸ್ 5. ಸೊನ್ನೆಗೂ ಇದನ್ನೇ ಮಾಡಿ: 11111111 ಆಗಿ, 1 ಕೂಡಿಸಿದಾಗ ಒಂಬತ್ತನೆಯ ಬಿಟ್ ಹೊರಗೆ ಬಿದ್ದು ಮತ್ತೆ 00000000. ಸೊನ್ನೆ ಈಗ ಒಂದೇ. ಕೂಡುವ ಸರ್ಕ್ಯೂಟೇ ಕಳೆಯುವುದಕ್ಕೂ ಸಾಕು. 1964ರ ಐಬಿಎಂ ಸಿಸ್ಟಮ್/360 ಈ ಪದ್ಧತಿಯನ್ನು ಅಪ್ಪಿಕೊಂಡಿತು. ಕ್ರಮೇಣ ಉಳಿದವರೂ ಅದೇ ದಾರಿಗೆ ಬಂದರು.

ಲಾಭದ ಜೊತೆ ಒಂದು ಅಪಾಯವೂ ಇದೆ. 8 ಬಿಟ್‌ಗಳಲ್ಲಿ ಹಿಡಿಯುವುದು ಮೈನಸ್ 128ರಿಂದ 127ರವರೆಗೆ. 127ಕ್ಕೆ 1 ಕೂಡಿಸಿದರೆ ಉತ್ತರ ಮೈನಸ್ 128! 1970ರ ಜನವರಿ 1ರಿಂದ ಸೆಕೆಂಡುಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತಿರುವ ಹಳೆಯ ವ್ಯವಸ್ಥೆಗಳಿಗೆ ಈ ಅಂಚು ಬರುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಅವು 1901ರ ಡಿಸೆಂಬರಿಗೆ ಜಿಗಿಯುತ್ತವೆ. ಇದನ್ನು ಪ್ರಳಯವೆಂದು ಸಾರುವವರಿಗೆ ಕಿವಿಗೊಡಬೇಡಿ. ಸಮಯವನ್ನು 64 ಬಿಟ್‌ಗಳಲ್ಲಿ ಎಣಿಸುವ ಯಂತ್ರಗಳಿಗೆ ಈ ಬಾಧೆಯಿಲ್ಲ. ನಿಮ್ಮ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಹಳೆಯ ನಿಯಂತ್ರಣ ಯಂತ್ರವೊಂದು ಇನ್ನೂ ದುಡಿಯುತ್ತಿದ್ದರೆ ಮಾತ್ರ, ಅದು ಎಷ್ಟು ಬಿಟ್‌ಗಳಲ್ಲಿ ಕಾಲ ಎಣಿಸುತ್ತಿದೆ ಎಂದು ಈಗಲೇ ವಿಚಾರಿಸಿಕೊಳ್ಳಿ.